ನಾಯಕತ್ವ ಕಲಿಯಲು ಅಂತರಜಾಲದಲ್ಲಿ ಏನನ್ನು ಓದಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಮೂರು ತಿಂಗಳ ಹಿಂದೆ ಹತ್ತು ಜನರ ತಂಡದ ಹೊಣೆ ನಿಮ್ಮ ಹೆಗಲಿಗೆ ಬಿದ್ದಿದೆ; ತರಬೇತಿಗೆ ಕಳಿಸುವಷ್ಟು ದೊಡ್ಡ ಸಂಸ್ಥೆ ನಿಮ್ಮದಲ್ಲ; ಅಂತರಜಾಲದಲ್ಲಿ ಹುಡುಕಿದರೆ ‘ಉತ್ತಮ ನಾಯಕನ ಹತ್ತು ಗುಣಗಳು’ ಎಂಬ ಒಂದೇ ಬರಹ ನೂರು ವೇಷ ತೊಟ್ಟು ಎದುರಾಗುತ್ತದೆ. ನಿಜಕ್ಕೂ ಓದತಕ್ಕದ್ದು ಯಾವುದು, ಅದನ್ನು ಹುಡುಕುವುದು ಹೇಗೆ, ಕನ್ನಡದಲ್ಲಿ ಏನಾದರೂ ಇದೆಯೇ ಎಂದು ಕೇಳಿದ್ದೀರಿ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಲೋಹದ ಎರಕ ಹೊಯ್ಯುವ ಫೌಂಡ್ರಿಯೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಇದ್ದೇನೆ, ಅದರಲ್ಲಿ ಹನ್ನೊಂದು ವರ್ಷ, ಎರಕಕ್ಕೆ ಉಸುಕಿನ ಅಚ್ಚು ಕಟ್ಟುವ ಮೋಲ್ಡಿಂಗ್ ವಿಭಾಗವನ್ನು ನೋಡಿಕೊಂಡಿದ್ದೇನೆ. ಮೊದಮೊದಲು ನಾನೂ ಅಂಥ ಪಟ್ಟಿಗಳನ್ನೇ ಓದಿದವನು. ಅವುಗಳಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ‘ತಂಡದವರ ಮಾತಿಗೆ ಕಿವಿಗೊಡಿ’ ಎಂದು ರಾತ್ರಿ ಓದಿ ಮಲಗಿದವನು ಮರುದಿನ ಬೆಳಿಗ್ಗೆ ಆರರ ಶಿಫ್ಟಿನಲ್ಲಿ, ಲಾರಿ ಗೇಟಿನ ಹೊರಗೆ ಕಾಯುತ್ತಿರುವಾಗ, ಯಾರ ಮಾತಿಗಾಗಿ ಯಾವ ಕೆಲಸವನ್ನು ನಿಲ್ಲಿಸಬೇಕು ಎಂಬುದಕ್ಕೆ ಅಲ್ಲಿ ಉತ್ತರವಿರಲಿಲ್ಲ. ಬರುಬರುತ್ತಾ ನನಗೊಂದು ಅಳತೆಗೋಲು ಸಿಕ್ಕಿತು. ಯಾವುದೇ ಬರಹ ಕೈಗೆ ಬಂದರೂ, ಅದು ಯಾರಿಗಾದರೂ ಲೆಕ್ಕ ಒಪ್ಪಿಸಲೆಂದು ಬರೆದದ್ದೇ ಎಂದು ಮೊದಲು ನೋಡುತ್ತೇನೆ. ಹಣ ಹೂಡಿದವರಿಗೆ, ಸಭೆಗೆ, ಸತ್ತವರ ಮನೆಯವರಿಗೆ ಉತ್ತರ ಕೊಡಬೇಕಾದ ಸ್ಥಿತಿಯಲ್ಲಿ ಹುಟ್ಟಿದ ಬರಹದಲ್ಲಿ ದಿನಾಂಕವಿರುತ್ತದೆ, ಒಪ್ಪದೆ ನಿಂತವರ ಮಾತಿರುತ್ತದೆ, ನಿರ್ಧಾರಕ್ಕೆ ತೆತ್ತ ಬೆಲೆಯೂ ಇರುತ್ತದೆ. ಇಂಥ ಬರಹಗಳು ಅಂತರಜಾಲದಲ್ಲಿ ಧಾರಾಳವಾಗಿ, ಬಹುಮಟ್ಟಿಗೆ ಉಚಿತವಾಗಿಯೇ ಇವೆ. ‘ನಾಯಕತ್ವ’ ಎಂಬ ಹಣೆಪಟ್ಟಿ ಇಲ್ಲದ ಕಾರಣ ನಮ್ಮ ಹುಡುಕಾಟಕ್ಕೆ ಅವು ಸಿಗುವುದಿಲ್ಲ, ಅಷ್ಟೇ.

ನೀವು ಒಂದನ್ನೇ ಓದುವುದಾದರೆ ಮಂಗಳೂರು ವಿಮಾನ ದುರಂತದ ತನಿಖಾ ವರದಿಯನ್ನು ಓದಿ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಬಜ್ಪೆಯ ರನ್‌ವೇಯನ್ನು ದಾಟಿ ಕಮರಿಗೆ ಬಿದ್ದು 158 ಜನ ತೀರಿಕೊಂಡರು, ಎಂಟು ಜನ ಮಾತ್ರ ಬದುಕುಳಿದರು. ಇದು ನಮಗೆಲ್ಲ ತಿಳಿದ ಸುದ್ದಿ. ವರದಿಯಲ್ಲಿರುವುದು ಸುದ್ದಿಗಿಂತ ಆಳವಾದದ್ದು. ಕಾಕ್‌ಪಿಟ್‌ನ ಧ್ವನಿಮುದ್ರಣದ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಎದ್ದ ಮೇಲೆ ವಿಮಾನವು ಇರಬೇಕಾದದ್ದಕ್ಕಿಂತ ಹೆಚ್ಚು ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಇಳಿಯತೊಡಗಿತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದರು. ಯಂತ್ರವೂ ಎಚ್ಚರಿಸುತ್ತಲೇ ಇತ್ತು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ ಚಕ್ರಗಳು ನೆಲಕ್ಕೆ ತಾಗುವ ಹೊತ್ತಿಗೆ ಸುಮಾರು 5,200 ಅಡಿ ಹಿಂದೆ ಸರಿದುಹೋಗಿತ್ತು.

ಇಷ್ಟನ್ನು ಓದಿದಾಗ ‘ಮೇಲಿನವರು ಕೆಳಗಿನವರ ಮಾತು ಕೇಳಲಿಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ತನಿಖಾ ಸಮಿತಿ ಅಲ್ಲಿಗೇ ನಿಲ್ಲುವುದಿಲ್ಲ. ಸಹ ಪೈಲಟ್ ಬಾಯಲ್ಲಿ ಹೇಳಿದರೇ ಹೊರತು ನಿಯಂತ್ರಣವನ್ನು ತಮ್ಮ ಕೈಗೆ ಏಕೆ ತೆಗೆದುಕೊಳ್ಳಲಿಲ್ಲ ಎಂದು ಅದು ಕೇಳುತ್ತದೆ. ಅಂಥ ಸಂದರ್ಭದಲ್ಲಿ ಸಹ ಪೈಲಟ್‌ಗೆ ಎಷ್ಟು ಅಧಿಕಾರವಿದೆ ಎಂಬ ಬಗ್ಗೆ ಸೂಚನೆಗಳಲ್ಲೇ ಸ್ಪಷ್ಟತೆ ಇರಲಿಲ್ಲ, ಪ್ರಾಯಶಃ ಅದೇ ಕಾರಣ ಎಂಬುದು ಸಮಿತಿ ಕೊಡುವ ಉತ್ತರ. ನನಗೆ ತಟ್ಟಿದ ಸಾಲು ಇದೇ. ಏಕೆಂದರೆ ಅದನ್ನು ಓದುವುದಕ್ಕೆ ಕೆಲವು ತಿಂಗಳ ಮುಂಚೆ, ಮಳೆಗಾಲದ ಒಂದು ಸಂಜೆ, ಮೋಲ್ಡಿಂಗ್ ಮಾಡುವ ಹುಡುಗನೊಬ್ಬ ಉಸುಕನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟು, ‘ಸರ್, ಉಸುಕು ಹಸಿ ಆಗೇತ್ರಿ’ ಎಂದು ನನಗೆ ತೋರಿಸಿದ್ದ. ಅವನ ಅಂಗೈಯಲ್ಲಿ ಬೆರಳಿನ ಗುರುತು ಮೂಡಿದ ಉಂಡೆ ಹಾಗೇ ಕೂತಿತ್ತು. ಫರ್ನೇಸ್‌ನಲ್ಲಿ ಲೋಹ ಕರಗಿ ಸಿದ್ಧವಾಗಿತ್ತು, ನಾನು ಗಡಿಯಾರ ನೋಡಿ ‘ನಡೀತದ, ಹೊಯ್ಯಿ’ ಎಂದೆ. ಮರುದಿನ ಅಚ್ಚು ಒಡೆದಾಗ ಪಂಪಿನ ಕವಚಗಳ ಮೈತುಂಬ ಗಾಳಿತೂತುಗಳು. ಆ ಹೊಯ್ತದ ಅರ್ಧಕ್ಕಿಂತ ಹೆಚ್ಚು ಮಾಲು ಮತ್ತೆ ಫರ್ನೇಸ್ ಸೇರಿತು. ಹುಡುಗನನ್ನು ಕರೆದು ‘ನೀನು ಗಟ್ಟಿಯಾಗಿ ಹೇಳಬೇಕಿತ್ತು’ ಎಂದು ಬೇರೆ ಬುದ್ಧಿ ಹೇಳಿದ್ದೆ. ವರದಿ ಓದಿದ ಮೇಲೆ ಆ ನನ್ನ ಮಾತಿಗೆ ನನಗೇ ನಾಚಿಕೆಯಾಯಿತು. ಅವನು ಹೇಳಿದ್ದ. ಹೊಯ್ತವನ್ನು ನಿಲ್ಲಿಸುವ ಅಧಿಕಾರ ಅವನಿಗಿದೆ ಎಂದು ನಾನು ಯಾವತ್ತೂ ಹೇಳಿರಲಿಲ್ಲ. ಉಸುಕಿನ ತೇವದ ವಿಷಯದಲ್ಲಿ ಯಾರು ಬೇಕಾದರೂ ಹೊಯ್ತ ನಿಲ್ಲಿಸಬಹುದು, ಕಾರಣವನ್ನು ಆಮೇಲೆ ಮಾತಾಡೋಣ ಎಂದು ಆ ವಾರವೇ ಬರೆದು ಗೋಡೆಗೆ ಅಂಟಿಸಿದೆ. ಹತ್ತು ಗುಣಗಳ ಪಟ್ಟಿಗಳಿಂದ ನನಗೆ ಇಂಥದ್ದೊಂದು ಚೀಟಿಯೂ ದಕ್ಕಿರಲಿಲ್ಲ.

ಇದೇ ಜಾತಿಯ ಇನ್ನೊಂದು ದಾಖಲೆ, ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ 2003ರ ಫೆಬ್ರುವರಿ 1ರಂದು ಛಿದ್ರವಾದ ಬಗೆಗಿನ ತನಿಖಾ ವರದಿ. ಅದರ ತಾಂತ್ರಿಕ ಅಧ್ಯಾಯಗಳನ್ನು ಬಿಟ್ಟರೂ ನಷ್ಟವಿಲ್ಲ. ನಾಸಾದ ಒಳಗಿನ ಸಂಸ್ಕೃತಿಯನ್ನು ಕುರಿತ ಭಾಗವನ್ನು ಮಾತ್ರ ಬಿಡಬೇಡಿ. ಎಂಜಿನಿಯರುಗಳ ಆತಂಕವು ಒಂದೊಂದು ಮೆಟ್ಟಿಲು ಮೇಲೇರಿದಂತೆ ಹೇಗೆ ತೆಳುವಾಗುತ್ತ ಹೋಯಿತು ಎಂಬುದು ಅಲ್ಲಿದೆ.

ಎರಡನೆಯ ಬಗೆಯವು ಪತ್ರಗಳು. ಅಮೆರಿಕದ ಹೂಡಿಕೆದಾರ ವಾರನ್ ಬಫೆಟ್ ತಮ್ಮ ಬರ್ಕ್‌ಷೈರ್ ಹ್ಯಾಥವೇ ಕಂಪನಿಯ ಷೇರುದಾರರಿಗೆ ಬರೆದ ಪತ್ರಗಳು 1977ರಿಂದ ಮುಂದಕ್ಕೆ ಕಂಪನಿಯ ತಾಣದಲ್ಲೇ ಉಚಿತವಾಗಿ ಸಿಗುತ್ತವೆ. ಹಣಕಾಸಿನ ಲೆಕ್ಕಾಚಾರ ನಿಮಗೆ ಬೇಡವಾಗಿದ್ದರೆ ದಾಟಿ ಹೋಗಿ, ಅವರು ತಪ್ಪೊಪ್ಪಿಕೊಳ್ಳುವ ಕಡೆಗಳಲ್ಲಿ ನಿಲ್ಲಿ. 1993ರಲ್ಲಿ 43.3 ಕೋಟಿ ಡಾಲರ್ ಬೆಲೆಗೆ ಡೆಕ್ಸ್‌ಟರ್ ಎಂಬ ಶೂ ಕಂಪನಿಯನ್ನು ಕೊಂಡದ್ದು, ಅದಕ್ಕೆ ನಗದಿನ ಬದಲು ತಮ್ಮ ಕಂಪನಿಯ ಷೇರುಗಳನ್ನೇ ಕೊಟ್ಟದ್ದು, ಅದುವರೆಗೆ ತಾವು ಮಾಡಿದ ಅತ್ಯಂತ ಕೆಟ್ಟ ವ್ಯವಹಾರ ಎಂದು 2007ರ ಪತ್ರದಲ್ಲಿ ತಪ್ಪನ್ನು ಯಾರ ಮೇಲೂ ಹಾಕದೆ ಬರೆದಿದ್ದಾರೆ. ಇದರ ಪಕ್ಕದಲ್ಲೇ ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ಆಡಳಿತ ಮಂಡಳಿಗೆ ಬರೆದ ಪತ್ರವನ್ನು ಇಟ್ಟು ಓದಿ. ಅದು ಕೆಲವೇ ಪುಟಗಳದ್ದು. ಇಲ್ಲದ 5,040 ಕೋಟಿ ರೂಪಾಯಿಯನ್ನು ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ತೋರಿಸಿದ್ದು ಅಲ್ಲಿದೆ. ಸಣ್ಣದಾಗಿ ಶುರುವಾದ ಅಂತರ ವರ್ಷದಿಂದ ವರ್ಷಕ್ಕೆ ಬೆಳೆದು ಹುಲಿ ಸವಾರಿಯಾದ ಬಗೆಯೂ ಅಲ್ಲಿದೆ. ಒಬ್ಬರು ತಪ್ಪನ್ನು ತಾವಾಗಿಯೇ ಹೇಳಿಕೊಂಡರು, ಇನ್ನೊಬ್ಬರು ಬೇರೆ ದಾರಿಯಿಲ್ಲದೆ ಹೇಳಿದರು. ತಿಂಗಳ ವರದಿಯಲ್ಲಿ ರಿಜೆಕ್ಷನ್, ಅಂದರೆ ಕೆಟ್ಟುಹೋದ ಮಾಲಿನ, ಅಂಕಿಯನ್ನು ‘ಸ್ವಲ್ಪ’ ತಿದ್ದುವ ಆಸೆ ಬಂದಾಗಲೆಲ್ಲ ನನಗೆ ಈ ಎರಡನೆಯ ಪತ್ರವೇ ನೆನಪಾಗುತ್ತದೆ.

ದೊಡ್ಡ ಕಂಪನಿಗಳು ತಮ್ಮ ಒಳಗಿನ ಕೈಪಿಡಿಗಳನ್ನೂ ಸಾರ್ವಜನಿಕರಿಗೆ ತೆರೆದಿಟ್ಟಿವೆ. ಗೂಗಲ್‌ನ ರೀವರ್ಕ್ ತಾಣ, ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯ ಹ್ಯಾಂಡ್‌ಬುಕ್ ಇಂಥವು. ಒಬ್ಬೊಬ್ಬರ ಜೊತೆ ಪ್ರತ್ಯೇಕವಾಗಿ ಕುಳಿತು ಮಾತಾಡುವುದು ಹೇಗೆ ಎಂಬಂಥ ವಿಷಯಕ್ಕೆ ಅವನ್ನು ತೆರೆದು ನೋಡಬಹುದು, ಆದರೆ ಕುಳಿತು ಓದುವ ಸರಕಲ್ಲ.

ಸಂವಿಧಾನ ರಚನಾ ಸಭೆಯ ಚರ್ಚೆಗಳು ಹಾಗಲ್ಲ. ಬೆಂಗಳೂರಿನ ಸಂಸ್ಥೆಯೊಂದು ನಡೆಸುವ ಕಾನ್‌ಸ್ಟಿಟ್ಯೂಷನ್ ಆಫ್ ಇಂಡಿಯಾ ಡಾಟ್ ನೆಟ್ ಎಂಬ ತಾಣದಲ್ಲಿ ಅವನ್ನು ದಿನಾಂಕ ಹಿಡಿದು ಹುಡುಕಬಹುದು. 1949ರ ನವೆಂಬರ್ 25ರಂದು ಅಂಬೇಡ್ಕರ್ ಮಾಡಿದ ಭಾಷಣದ ಕೊನೆಯ ಭಾಗ, ರಾಜಕೀಯದಲ್ಲಿ ಭಕ್ತಿ ತರುವ ಅಪಾಯದ ಮಾತು, ಎಲ್ಲರ ಬಾಯಲ್ಲಿದೆ. ತಂಡ ನಡೆಸುವವರಿಗೆ ಮೊದಲ ಭಾಗ ಹೆಚ್ಚು ಬೆಲೆಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ. ಕರಡಿಗೆ 7,635 ತಿದ್ದುಪಡಿಗಳ ಸೂಚನೆ ಬಂದು 2,473 ಸಭೆಯ ಮುಂದೆ ಮಂಡನೆಯಾದದ್ದನ್ನು ಹೇಳಿ, ತಮಗೆ ಸಂದ ಕೀರ್ತಿ ಪೂರ್ತಿ ತಮ್ಮದಲ್ಲವೆಂದು ಸಭೆಯ ಸಾಂವಿಧಾನಿಕ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಬಿ. ಎನ್. ರಾವ್ ಅವರನ್ನೂ, ಕರಡನ್ನು ಹೆಣೆದ ಎಸ್. ಎನ್. ಮುಖರ್ಜಿ ಅವರನ್ನೂ ನೆನೆಯುತ್ತಾರೆ. ಆಮೇಲೆ, ಸಭೆಯುದ್ದಕ್ಕೂ ತಮ್ಮನ್ನು ಎದುರಿಸಿದ ಕಾಮತ್, ಕೆ. ಟಿ. ಷಾ ಮೊದಲಾದವರನ್ನು ಹೆಸರು ಹಿಡಿದು ವಂದಿಸುತ್ತಾರೆ. ಬೆನ್ನಿಗೆ ನಿಂತವರಿಗೆ ಕೃತಜ್ಞತೆ ಹೇಳುವ ಭಾಷಣಗಳನ್ನು ನಾನು ಬಹಳ ಕೇಳಿದ್ದೇನೆ. ಅಡ್ಡ ಪ್ರಶ್ನೆ ಹಾಕಿದವರಿಗೆ ಹೇಳಿದ್ದನ್ನು ಅಲ್ಲಿಯೇ ಮೊದಲು ಓದಿದ್ದು.

ಇನ್ನು ಕನ್ನಡದ ಮಾತು. ನಾನು ಹೇಳಿದ ದಾಖಲೆಗಳೆಲ್ಲ ಇಂಗ್ಲಿಷಿನವೇ. ಕನ್ನಡದಲ್ಲಿ ಆಡಳಿತ ಕುರಿತು ಅಂತರಜಾಲದಲ್ಲಿ ಇರುವುದರಲ್ಲಿ ಬಹುಪಾಲು ಆ ಪಟ್ಟಿಗಳ ಅನುವಾದ. ಆದರೆ ವಚನ ಸಂಚಯ ತಾಣದಲ್ಲಿ ಆಯ್ದಕ್ಕಿ ಲಕ್ಕಮ್ಮನ ಹೆಸರು ಕೊಟ್ಟು ಹುಡುಕಿ ನೋಡಿ. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ದಿನದ ಅಳತೆಗಿಂತ ಹೆಚ್ಚು ತಂದಾಗ, ಇಷ್ಟೊಂದು ಆಸೆ ನಿಮಗೇಕೆ, ತಂದಲ್ಲಿಯೇ ಸುರಿದು ಬನ್ನಿ ಎಂದು ಹೆಂಡತಿ ಲಕ್ಕಮ್ಮ ಗಂಡನನ್ನು ತಿದ್ದುತ್ತಾಳೆ, ಗಂಡ ಕೇಳುತ್ತಾನೆ. ಕಾಕ್‌ಪಿಟ್‌ನಲ್ಲಿ ಮೂರು ಬಾರಿ ಹೇಳಿಯೂ ಆಗದ ಕೆಲಸ ಆ ಗುಡಿಸಲಿನಲ್ಲಿ ಒಂದೇ ಮಾತಿಗೆ ಆಯಿತು. ಹಾಗೆ ಹೇಳಲು ಅವಳಿಗೆ ಅಪ್ಪಣೆ ಬೇಕಿರಲಿಲ್ಲ ಎಂಬುದನ್ನು ಗಮನಿಸಿ.

ಓದುವ ಕ್ರಮದ ಬಗ್ಗೆ ಎರಡೇ ಮಾತು. ಹುಡುಕುವಾಗ ನಾಯಕತ್ವ ಎಂಬ ಪದವನ್ನು ಬಿಟ್ಟು ತನಿಖಾ ವರದಿ, ಷೇರುದಾರರಿಗೆ ಪತ್ರ, ನಡಾವಳಿ ಎಂಬವುಗಳ ಇಂಗ್ಲಿಷ್ ಪದಗಳ ಜೊತೆ ಪಿಡಿಎಫ್ ಎಂದು ಸೇರಿಸಿ. ಸಿಕ್ಕಿದ್ದನ್ನು ಓದುತ್ತಾ, ಮುಖ್ಯ ನಿರ್ಧಾರ ಎದುರಾಗುವ ಪುಟದಲ್ಲಿ ನಿಲ್ಲಿಸಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದು, ಅನಂತರ ಪುಟ ತಿರುವಿ. ಮಂಗಳೂರಿನ ವರದಿ ದೊಡ್ಡದು, ನನಗೆ ಸಿಟಿ ಬಸ್ಸಿನ ಓದಿನಲ್ಲಿ ಸುಮಾರು ಒಂದು ತಿಂಗಳು ಹಿಡಿಯಿತು. ನೀವು ಮೊದಲು ಕಾಕ್‌ಪಿಟ್‌ನ ಮಾತುಕತೆಯ ವಿಶ್ಲೇಷಣೆಯನ್ನೂ, ಆಮೇಲೆ ಕೊನೆಯ ತೀರ್ಮಾನಗಳನ್ನೂ ಓದಿದರೆ ಒಂದು ಭಾನುವಾರ ಸಾಕು.