ಕುದಿಯುವ ನೀರಿನ ಬಿಸಿ ಯಾಕೆ ಏರುವುದಿಲ್ಲ? ಆ ಶಾಖ ಎಲ್ಲಿ ಹೋಗುತ್ತದೆ?

ನೀವು ಪಾತ್ರೆಯಲ್ಲಿ ನೀರಿಟ್ಟು ಥರ್ಮಾಮೀಟರ್ ಇಳಿಬಿಟ್ಟು ನೋಡಿದ್ದೀರಿ. 100 ಡಿಗ್ರಿ ಸೆಲ್ಸಿಯಸ್ ತನಕ ಸರಸರ ಏರಿತು. ಆಮೇಲೆ ಉರಿ ಎಷ್ಟು ಜೋರು ಮಾಡಿದರೂ ಅಲ್ಲಿಂದ ಕದಲಲಿಲ್ಲ. ಥರ್ಮಾಮೀಟರ್ ಕೆಟ್ಟಿದೆಯಾ, ಇಲ್ಲ ಶಾಖ ಎಲ್ಲಾದರೂ ಸೋರಿಹೋಗುತ್ತಿದೆಯಾ ಎಂದು ಕೇಳಿದ್ದೀರಿ.

ಥರ್ಮಾಮೀಟರ್ ಸರಿಯಾಗಿಯೇ ಇದೆ. ಶಾಖವೂ ನೀರಿಗೇ ಸೇರುತ್ತಿದೆ. ಆದರೆ ಬಿಸಿ ಏರಿಸುವ ಕೆಲಸ ಬಿಟ್ಟು ಅದು ಬೇರೆ ಕೆಲಸ ಹಿಡಿದಿದೆ.

ಮೊದಲು ಒಂದು ವಿಷಯ. ಶಾಖ ಬೇರೆ, ತಾಪಮಾನ ಬೇರೆ. ಮಾತಾಡುವಾಗ ಎರಡಕ್ಕೂ ‘ಬಿಸಿ’ ಅಂದುಬಿಡುತ್ತೇವೆ, ಗೊಂದಲ ಶುರುವಾಗುವುದು ಅಲ್ಲೇ. ಅಣುಗಳು ಎಷ್ಟು ಜೋರಾಗಿ ಓಡಾಡುತ್ತಿವೆ, ಅದುರುತ್ತಿವೆ ಎಂಬುದನ್ನು ತಾಪಮಾನ ಹೇಳುತ್ತದೆ. ಬಿಸಿಯಾದ ವಸ್ತುವಿನಿಂದ ತಣ್ಣಗಿರುವ ವಸ್ತುವಿಗೆ ಹರಿಯುವ ಶಕ್ತಿಗೆ ಶಾಖ ಎನ್ನುತ್ತಾರೆ. ಒಂದು ಲೋಟ ಕುದಿಯುವ ನೀರು, ಒಂದು ಬಕೆಟ್ ಉಗುರುಬೆಚ್ಚಗಿನ ನೀರು ತಗೊಳ್ಳಿ. ತಾಪಮಾನ ಜಾಸ್ತಿ ಇರುವುದು ಲೋಟದಲ್ಲಿ. ಆದರೆ ಮಂಜುಗಡ್ಡೆ ಹಾಕುತ್ತಾ ಹೋದರೆ ಎಷ್ಟೋ ಪಟ್ಟು ಜಾಸ್ತಿ ಕರಗಿಸುವುದು ಬಕೆಟ್ಟೇ.

ಈಗ ನಿಮ್ಮ ಪಾತ್ರೆಗೆ ಬರೋಣ. ನೀರಿನ ಅಣುಗಳು ಒಂದನ್ನೊಂದು ಗಟ್ಟಿಯಾಗಿ ಸೆಳೆದುಕೊಂಡಿರುತ್ತವೆ. ಆ ಹಿಡಿತದಿಂದ ಬಿಡಿಸಿದರೆ ಮಾತ್ರ ಅವು ಆವಿಯಾಗಿ ಹೊರಟುಹೋಗಲು ಸಾಧ್ಯ. ಬಿಡಿಸಲು ಶಕ್ತಿ ಬೇಕು. ಕುದಿ ಬಂದ ಮೇಲೆ ಒಲೆ ಕೊಡುವ ಶಾಖವೆಲ್ಲ ಈ ಬಿಡಿಸುವ ಕೆಲಸಕ್ಕೇ ಖರ್ಚಾಗುತ್ತದೆ. ಅಣುಗಳ ಓಟ ಜೋರಾಗುವುದಿಲ್ಲ, ಹಾಗಾಗಿ ತಾಪಮಾನ ಏರುವುದಿಲ್ಲ. ಉರಿ ಜಾಸ್ತಿ ಮಾಡಿದರೆ ಗುಳ್ಳೆ ಜಾಸ್ತಿ ಏಳುತ್ತದೆ, ನೀರು ಬೇಗ ಬತ್ತುತ್ತದೆ, ಅಷ್ಟೇ.

ಇದಕ್ಕೆ ಎಷ್ಟು ಶಾಖ ಬೇಕು ಅಂದರೆ ಮೊದಲ ಸಲ ಕೇಳಿದವರಿಗೆ ನಂಬಿಕೆಯೇ ಬರುವುದಿಲ್ಲ. ಒಂದು ಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 420 ಜೂಲ್ (ಶಕ್ತಿಯನ್ನು ಅಳೆಯುವ ಮಾನ) ಸಾಕು. ಅದೇ ಒಂದು ಗ್ರಾಂ ನೀರನ್ನು 100 ಡಿಗ್ರಿಯಲ್ಲೇ ಆವಿ ಮಾಡಲು ಸುಮಾರು 2260 ಜೂಲ್ ಬೇಕು. ಐದು ಪಟ್ಟಿಗೂ ಜಾಸ್ತಿ! ನಾನೊಮ್ಮೆ ಗಡಿಯಾರ ಇಟ್ಟುಕೊಂಡು ಒಲೆಯ ಮುಂದೆಯೇ ನಿಂತು ನೋಡಿದ್ದೆ. ಸಣ್ಣ ಪಾತ್ರೆಯ ನೀರು 4 ನಿಮಿಷಕ್ಕೆ ಕುದಿ ಬಂತು. ಉರಿ ಹಾಗೇ ಬಿಟ್ಟೆ. 25 ನಿಮಿಷ ಕುದಿದ ಮೇಲೂ ತಳದಲ್ಲಿ ತೆಳ್ಳಗೆ ನೀರಿತ್ತು. ನೀವು ಮಾಡಿ ನೋಡುವುದಾದರೆ ಪಾತ್ರೆ ಪೂರ್ತಿ ಒಣಗುವ ಮುಂಚೆ ಉರಿ ಆರಿಸಿ. ನೀರಿರುವ ತನಕ ಪಾತ್ರೆಯ ತಳವೂ 100ರ ಆಸುಪಾಸಿನಲ್ಲೇ ಇರುತ್ತದೆ. ನೀರು ಮುಗಿದ ಕ್ಷಣದಿಂದ ತಾಪಮಾನ ಒಂದೇ ಸಮನೆ ಮೇಲೇರಿ ತಳ ಸುಟ್ಟುಹೋಗುತ್ತದೆ.

ಈ 2260 ಜೂಲ್ ಕಳೆದುಹೋಗಿಲ್ಲ, ಆವಿಯ ಜೊತೆ ಹೊರಟಿದೆ. ಆವಿ ಮತ್ತೆ ನೀರಾಗುವಾಗ ಅಷ್ಟನ್ನೂ ವಾಪಸ್ ಕೊಡುತ್ತದೆ. ಹಬೆಯಲ್ಲಿ ಸುಟ್ಟುಕೊಂಡರೆ ಅಷ್ಟೊಂದು ಉರಿಯುವುದು ಇದಕ್ಕೇ. ಒಂದು ಗ್ರಾಂ ಕುದಿನೀರು ಚರ್ಮದ ಮೇಲೆ ಬಿದ್ದು ಮೈ ಬಿಸಿಯಷ್ಟಕ್ಕೆ ಇಳಿದರೆ ಸುಮಾರು 260 ಜೂಲ್ ಕೊಡುತ್ತದೆ. ಒಂದು ಗ್ರಾಂ ಆವಿ ಕೊಡುವುದು 2500ಕ್ಕೂ ಜಾಸ್ತಿ, ಅಂದರೆ ಹತ್ತಿರ ಹತ್ತಿರ ಹತ್ತು ಪಟ್ಟು. ಮುಚ್ಚಳ ತೆಗೆಯುವಾಗ ಒಮ್ಮೆ ನನ್ನ ಮಣಿಕಟ್ಟಿಗೆ ಹಬೆ ಹೊಡೆದಿತ್ತು. ಕೈ ಎಳೆದುಕೊಳ್ಳುವಷ್ಟರಲ್ಲಿ ಬೊಬ್ಬೆ ಎದ್ದಿತ್ತು. ಅಂದಿನಿಂದ ಮುಚ್ಚಳವನ್ನು ನನ್ನಿಂದ ಆಚೆ ಬದಿಗೇ ಎತ್ತುತ್ತೇನೆ, ನೀವೂ ಹಾಗೇ ಮಾಡಿ. ಇನ್ನೊಂದು ಮಾತು: ಬೆಳ್ಳಗೆ ಕಾಣುವುದು ಆವಿಯಲ್ಲ, ತಣ್ಣಗಾಗಿ ಕೂಡಿಕೊಂಡ ಸಣ್ಣ ನೀರಹನಿಗಳು. ಕೆಟಲ್ ಮೂತಿಯ ಹತ್ತಿರ ಕಣ್ಣಿಟ್ಟು ನೋಡಿ. ಮೂತಿಗೂ ಬಿಳಿ ಹೊಗೆಗೂ ಮಧ್ಯೆ ಒಂದಿಷ್ಟು ಜಾಗ ಖಾಲಿ ಕಾಣುತ್ತದೆ. ನಿಜವಾದ ಆವಿ ಇರುವುದು ಅಲ್ಲಿ. ದಯವಿಟ್ಟು ಬೆರಳಿಡಬೇಡಿ.

100 ಅನ್ನುವುದೂ ಕಲ್ಲಿನಲ್ಲಿ ಕೊರೆದ ಅಂಕಿಯಲ್ಲ. ನೀರಿನೊಳಗೆ ಹುಟ್ಟುವ ಆವಿಯ ಗುಳ್ಳೆಯನ್ನು ಹೊರಗಿನ ಗಾಳಿಯ ಒತ್ತಡ ಅಮುಕುತ್ತಿರುತ್ತದೆ. ಗುಳ್ಳೆಯ ಒತ್ತಡ ಅದಕ್ಕೆ ಸರಿಸಮ ಆದಾಗ ಕುದಿ ಬರುತ್ತದೆ. ಎವರೆಸ್ಟ್ ತುದಿಯಲ್ಲಿ ಗಾಳಿಯ ಒತ್ತಡ ಕಡಿಮೆ, ಸುಮಾರು 70 ಡಿಗ್ರಿಗೇ ಕುದಿಯುತ್ತದೆ. ಪ್ರೆಶರ್ ಕುಕ್ಕರ್‌ನಲ್ಲಿ ಒತ್ತಡ ಎರಡು ಪಟ್ಟಾದರೆ ಸುಮಾರು 120ರ ತನಕ ಏರುತ್ತದೆ. ನೀವು ಎತ್ತರದ ಜಾಗದಲ್ಲಿದ್ದು ಥರ್ಮಾಮೀಟರ್ 97ಕ್ಕೇ ನಿಂತರೆ ಗಾಬರಿ ಬೇಡ.

ಕರಗುವಾಗಲೂ ಇದೇ ಕಥೆ. ಇದನ್ನು ಮೊದಲು ಸರಿಯಾಗಿ ಅಳೆದವರಲ್ಲಿ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಒಬ್ಬರು, 1760ರ ದಶಕದ ಶುರುವಿನಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಮಂಜುಗಡ್ಡೆ ಕರಗುವ ಹಂತಕ್ಕೆ ಬಂದರೆ ಇನ್ನು ಚೂರು ಶಾಖ ಕೊಟ್ಟರೂ ಪೂರ್ತಿ ನೀರಾಗುತ್ತದೆ ಎಂದು ಆಗ ಜನ ನಂಬಿದ್ದರು. ಹಾಗಿದ್ದರೆ ಚಳಿಗಾಲ ಮುಗಿದ ಕೂಡಲೇ ಬೆಟ್ಟದ ಹಿಮವೆಲ್ಲ ಒಂದೇ ಸಲಕ್ಕೆ ಕರಗಿ ಪ್ರವಾಹ ಬರಬೇಕಿತ್ತಲ್ಲ ಎಂದು ಬ್ಲ್ಯಾಕ್ ಕೇಳಿದರು. ಎಷ್ಟು ಸರಳ ಪ್ರಶ್ನೆ ನೋಡಿ! ಆಮೇಲೆ ಒಂದು ಗಾಜಿನ ಬುರುಡೆಯಲ್ಲಿ ಮಂಜುಗಡ್ಡೆ, ಇನ್ನೊಂದರಲ್ಲಿ ಅಷ್ಟೇ ತೂಕದ, ಇನ್ನೇನು ಹೆಪ್ಪುಗಟ್ಟುವಷ್ಟು ತಣ್ಣಗಿನ ನೀರು ತೆಗೆದುಕೊಂಡು ಒಂದೇ ಕೋಣೆಯಲ್ಲಿ ನೇತುಹಾಕಿದರು. ನೀರು ಅರ್ಧ ಗಂಟೆಯಲ್ಲಿ ಸುಮಾರು 4 ಡಿಗ್ರಿ ಸೆಲ್ಸಿಯಸ್ ಏರಿತು. ಮಂಜುಗಡ್ಡೆ ಕರಗಿ ಅದೇ ಮಟ್ಟಕ್ಕೆ ಬರಲು ಹತ್ತೂವರೆ ಗಂಟೆ ಬೇಕಾಯಿತು. ಕೋಣೆ ಒಂದೇ, ಒಳಗೆ ಬರುತ್ತಿದ್ದ ಶಾಖವೂ ಹೆಚ್ಚುಕಮ್ಮಿ ಒಂದೇ. ಥರ್ಮಾಮೀಟರಿಗೆ ಕಾಣದೆ ಒಳಗೆ ಸೇರಿಹೋದ ಈ ಶಾಖಕ್ಕೇ ನಾವು ಗುಪ್ತೋಷ್ಣ ಎನ್ನುತ್ತೇವೆ. ಬರೀ ಎರಡು ಬುರುಡೆ, ಒಂದು ಗಡಿಯಾರದಲ್ಲಿ ಅವರು ಪಡೆದ ಅಂಕಿ ಇವತ್ತಿನದಕ್ಕೆ ತೀರ ಹತ್ತಿರ ಇದೆ. ನನಗಂತೂ ಭೌತಶಾಸ್ತ್ರದಲ್ಲಿ ಇದಕ್ಕಿಂತ ಇಷ್ಟವಾದ ಪ್ರಯೋಗ ಇನ್ನೊಂದಿಲ್ಲ.

ಮಂಜುಗಡ್ಡೆ ಕರಗಿಸಲು ಇವತ್ತಿನ ಅಂಕಿ ಗ್ರಾಂಗೆ 334 ಜೂಲ್. ನೀರನ್ನು 0ಯಿಂದ 80 ಡಿಗ್ರಿಗೆ ಏರಿಸಲು ಬೇಕಾಗುವುದೂ ಹೆಚ್ಚುಕಮ್ಮಿ ಅಷ್ಟೇ. ಹಾಗಾದರೆ 100 ಗ್ರಾಂ ಮಂಜುಗಡ್ಡೆಯ ಮೇಲೆ 80 ಡಿಗ್ರಿಯ 100 ಗ್ರಾಂ ನೀರು ಸುರಿದರೆ ಏನಾಗಬೇಕು? 40 ಡಿಗ್ರಿ ಅನ್ನುತ್ತದೆ ಮನಸ್ಸು, ಅಲ್ವಾ? ಆದರೆ ಬರುವುದು 200 ಗ್ರಾಂ ನೀರು, 0 ಡಿಗ್ರಿಯಲ್ಲಿ. ನಿಮ್ಮಲ್ಲಿ ಥರ್ಮಾಮೀಟರ್ ಇದ್ದೇ ಇದೆ, ಮಾಡಿ ನೋಡಿ. ಫ್ರೀಜರಿನಿಂದ ತೆಗೆದ ಮಂಜುಗಡ್ಡೆ 0ಗಿಂತ ಎಷ್ಟೋ ಕೆಳಗಿರುತ್ತದೆ. ಅದನ್ನು ಹೊರಗಿಟ್ಟು, ಮೇಲೆ ನೀರಾಡಲು ಶುರುವಾದ ಮೇಲೆ ಒರೆಸಿ ತೂಗಿ. ನಾನು ಮಾಡಿದಾಗ ಕೊನೆಗೆ ಒಂದು ಚೂರು ಮಂಜುಗಡ್ಡೆ ಕರಗದೆ ತೇಲುತ್ತಿತ್ತು, ಸುರಿಯುವಷ್ಟರಲ್ಲೇ ನೀರು ಸ್ವಲ್ಪ ಆರಿತ್ತು. ನಿಮಗೆ ಎಷ್ಟು ಬಂತು ಎಂದು ಇಲ್ಲೇ ಬರೆಯಿರಿ.