ಆ ಧಾರಾವಾಹಿಗಳನ್ನು ಮೊದಲು ಕಿವಿಗೊಟ್ಟು ಕೇಳಿ

(ಇಂಗ್ಲೆಂಡಿನಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರದ ಸಾರ: ‘ಇಲ್ಲಿ ನನ್ನ ಜೊತೆ ಕೆಲಸ ಮಾಡುವ, ಐವತ್ತು ದಾಟಿದವರೆಲ್ಲ ಚಿಕ್ಕಂದಿನಲ್ಲಿ ಟಿವಿ ನೋಡಿ ಹೆದರಿದ್ದನ್ನು ಇಂದಿಗೂ ಹೇಳಿಕೊಳ್ಳುತ್ತಾರೆ. ಅವರು ಹೇಳಿದ ‘ಚಿಲ್ಡ್ರನ್ ಆಫ್ ದ ಸ್ಟೋನ್ಸ್’ ಅನ್ನು ಒಂದೇ ರಾತ್ರಿ ಕೂತು ಮುಗಿಸಿದೆ. ಕಥೆ ನಿಧಾನ, ಸೆಟ್ಟು ಸಾಧಾರಣ, ಭೂತ ಎಲ್ಲೂ ಕಾಣಿಸಲಿಲ್ಲ. ಇದರಲ್ಲಿ ಹೆದರುವಂಥದ್ದೇನಿತ್ತು? ಹತ್ತು ವರ್ಷದ ಮಗಳಿಗೆ ಇಂಥವನ್ನು ತೋರಿಸಬಹುದೆ?’)

ಪ್ರಿಯ ಓದುಗರೆ,

ಏಳು ಕಂತುಗಳನ್ನು ಒಂದೇ ರಾತ್ರಿ ಮುಗಿಸಿದೆ ಎಂದು ಬರೆದಿದ್ದೀರಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ. ಎಚ್‌ಟಿವಿ ಸಂಸ್ಥೆ ತಯಾರಿಸಿದ ಈ ಧಾರಾವಾಹಿಯ ಮೊದಲ ಕಂತು ಬಂದದ್ದು 1977ರ ಜನವರಿ 10, ಸೋಮವಾರ, ಶಾಲೆ ಬಿಟ್ಟ ಮೇಲಿನ ಮಕ್ಕಳ ಕಾರ್ಯಕ್ರಮದ ಹೊತ್ತಿಗೆ. ಆ ತಿಂಗಳಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಮನೆಯಲ್ಲಿ ವಿಡಿಯೊ ರೆಕಾರ್ಡರ್ ಇದ್ದವರು ತೀರಾ ವಿರಳ. ಕಂಡದ್ದು ಸರಿಯೋ ತಪ್ಪೋ ಎಂದು ಹಿಂದಕ್ಕೆ ತಿರುಗಿಸಿ ನೋಡುವ ದಾರಿಯಿಲ್ಲ, ಮುಂದೇನಾಯಿತೆಂದು ತಿಳಿಯಲು ವಾರ ಕಾಯಬೇಕು. ಆ ಏಳು ದಿನ ಕಥೆಯನ್ನು ಬೆಳೆಸುತ್ತಿದ್ದುದು ಮಗುವಿನ ಮನಸ್ಸೇ.

ಉಳಿದರ್ಧ ಉತ್ತರ ಶಬ್ದದಲ್ಲಿದೆ. ಶೀರ್ಷಿಕೆ ಓಡುವಾಗ ಕೇಳುವ ಹಾಡಿಕೆಯನ್ನು ಮತ್ತೊಮ್ಮೆ ಆಲಿಸಿ. ಸಿಡ್ನಿ ಸೇಗರ್ ಅವರ ಸಂಗೀತ, ಹಾಡಿದವರು ಆಂಬ್ರೋಸಿಯನ್ ಸಿಂಗರ್ಸ್ ಮೇಳದವರು. ಅರ್ಥವಾಗುವ ಪದವಿಲ್ಲ, ಗುನುಗಿಕೊಳ್ಳಬಹುದಾದ ರಾಗವಿಲ್ಲ. ಪಿಸುಮಾತಿನಿಂದ ಹೊರಟ ಕಂಠಗಳು ಒಂದರ ಮೇಲೊಂದು ಏರಿ ಚೀರಾಟಕ್ಕೆ ಮುಟ್ಟುತ್ತವೆ. ತೆರೆಯ ಮೇಲಿರುವುದು ಬರೀ ಕಲ್ಲುಗಳು. ಮಕ್ಕಳ ಟಿವಿಗೆ ಇಷ್ಟು ದಿಟ್ಟವಾದ ಸಂಗೀತವನ್ನು ಬೇರೆ ಯಾರೂ ಕೊಟ್ಟಿಲ್ಲವೆಂದೇ ನಮ್ಮ ಭಾವನೆ.

ಆ ಕಲ್ಲುಗಳು ಸೆಟ್ಟಿನವಲ್ಲ ಎಂಬುದೂ ಮುಖ್ಯ. ಕಥೆಯ ಮಿಲ್ಬರಿ ಎಂಬ ಊರು ವಿಲ್ಟ್‌ಶೈರ್‌ನ ಏವ್‌ಬರಿ. ನವಶಿಲಾಯುಗದ ಆ ಶಿಲಾವೃತ್ತ ಎಷ್ಟು ದೊಡ್ಡದೆಂದರೆ ಊರಿನ ಒಂದು ಭಾಗವೇ ಅದರೊಳಗಿದೆ. 1930ರ ದಶಕದಲ್ಲಿ ಅಲೆಕ್ಸಾಂಡರ್ ಕೈಲರ್ ಅಲ್ಲಿ ಉತ್ಖನನ ಮಾಡಿ, ಬಿದ್ದ ಕಲ್ಲುಗಳನ್ನು ಎತ್ತಿ ನಿಲ್ಲಿಸುವಾಗ ಒಂದರಡಿಯಲ್ಲಿ ಹದಿನಾಲ್ಕನೇ ಶತಮಾನದ ಮನುಷ್ಯನೊಬ್ಬನ ಅಸ್ಥಿಪಂಜರ ಸಿಕ್ಕಿತು. ಜೊತೆಯಲ್ಲಿದ್ದ ಕತ್ತರಿಯ ಕಾರಣದಿಂದ ಅವನನ್ನು ಕ್ಷೌರಿಕ ವೈದ್ಯನೆಂದು ಗುರುತಿಸಿದರು. ಬರಹಗಾರರಾದ ಜೆರೆಮಿ ಬರ್ನಮ್ ಮತ್ತು ಟ್ರೆವರ್ ರೇ ಈ ಸಂಗತಿಯನ್ನು ಕಥೆಗೆ ಹೆಣೆದರು. ‘ಹ್ಯಾಪಿ ಡೇ’ ಎಂದು ಎಲ್ಲರೂ ನಗುಮುಖದಿಂದ ಹರಸುವ ಊರದು. ಹೊಸದಾಗಿ ಬಂದವರೂ ಒಬ್ಬೊಬ್ಬರಾಗಿ ಅದೇ ನಗುವಿಗೆ ತಿರುಗುತ್ತಾರೆ. ನೀವು ಭೂತವನ್ನು ಹುಡುಕಿದಿರಿ. ಮಕ್ಕಳು ಹೆದರಿದ್ದು ನಿನ್ನೆಯವರೆಗೆ ಜೊತೆಯಲ್ಲಿದ್ದ ಗೆಳೆಯ ಇವತ್ತು ಆ ಕಡೆಯವನಾಗಿಬಿಟ್ಟನಲ್ಲ ಎಂದು.

ಶಬ್ದದ ಮಾತಿಗೆ ಬಂದರೆ ಬಿಬಿಸಿಯ ವೈಜ್ಞಾನಿಕ ಕಥಾ ಧಾರಾವಾಹಿ ‘ಡಾಕ್ಟರ್ ಹೂ’ ಬಿಟ್ಟು ಮುಂದೆ ಹೋಗುವಂತಿಲ್ಲ. 1963ರಲ್ಲಿ ಅದರ ಶೀರ್ಷಿಕೆ ಸಂಗೀತವನ್ನು ಬರೆದವರು ರಾನ್ ಗ್ರೇನರ್. ಕೇಳುವಂತೆ ಮಾಡಿದವರು ಬಿಬಿಸಿಯ ಶಬ್ದ ಪ್ರಯೋಗಶಾಲೆಯಾದ ರೇಡಿಯೊಫೋನಿಕ್ ವರ್ಕ್‌ಶಾಪಿನ ಡೆಲಿಯಾ ಡರ್ಬಿಶೈರ್. ಆಗ ಅವರ ಬಳಿ ಸಿಂಥಸೈಜರ್ ಇರಲಿಲ್ಲ. ಮೀಟಿದ ಒಂದು ತಂತಿಯ ನಾದ, ಆಸಿಲೇಟರುಗಳ ಸ್ವರ, ಇವನ್ನು ಟೇಪಿಗಿಳಿಸಿ, ಬೇಕಾದ ಶ್ರುತಿಗೆ ವೇಗ ಬದಲಿಸಿ, ಒಂದೊಂದು ಸ್ವರವನ್ನೂ ಅದರ ಕಾಲಕ್ಕೆ ತಕ್ಕ ಉದ್ದಕ್ಕೆ ಬ್ಲೇಡಿನಿಂದ ಕತ್ತರಿಸಿ ಅಂಟಿಸಿದರು. ಹಲವು ಟ್ರ್ಯಾಕಿನ ರೆಕಾರ್ಡರೂ ಇರಲಿಲ್ಲವಾದ್ದರಿಂದ ಬೇರೆ ಬೇರೆ ಟೇಪ್ ಯಂತ್ರಗಳನ್ನು ಒಟ್ಟಿಗೆ ಓಡಿಸಿ ಬೆರೆಸಬೇಕಾಯಿತು. ಕಥೆಯಲ್ಲಿ ಕಾಲದೊಳಗೆ ಸಂಚರಿಸುವ ಟಾರ್ಡಿಸ್ ಯಂತ್ರದ ಏದುಸಿರಿನಂಥ ಸದ್ದು ಬ್ರಯನ್ ಹಾಜ್ಸನ್ ಅವರದು: ಹಳೇ ಪಿಯಾನೊದ ದಪ್ಪ ತಂತಿಯ ಮೇಲೆ ಬೀಗದ ಕೈ ಉಜ್ಜಿ ಹೊರಡಿಸಿದ್ದು. ಯಾವ ವಾದ್ಯದ್ದೆಂದು ತಿಳಿಯದ ಸದ್ದಿಗೆ ಮನಸ್ಸು ತಾನೇ ಒಂದು ರೂಪ ಕೊಟ್ಟುಕೊಳ್ಳುತ್ತದೆ. ಹೆದರಿದ ಮಕ್ಕಳು ಸೋಫಾದ ಹಿಂದೆ ಅವಿತರೂ ಕಿವಿಗೆ ತಪ್ಪಿಸಿಕೊಳ್ಳಲಾಗುತ್ತಿರಲಿಲ್ಲ.

ಇನ್ನು ನಿಮ್ಮ ಟಿವಿಯ ವಿಚಾರ. ಆ ಕಾಲದ ಬಹುತೇಕ ಬ್ರಿಟಿಷ್ ನಾಟಕಗಳಲ್ಲಿ ಒಳಾಂಗಣ ದೃಶ್ಯಗಳು ವಿಡಿಯೊ ಟೇಪಿನಲ್ಲಿ, ಹೊರಾಂಗಣ 16 ಎಂಎಂ ಫಿಲ್ಮಿನಲ್ಲಿ. ಟೇಪಿನ ಚಿತ್ರ ಸೆಕೆಂಡಿಗೆ 50 ಅರ್ಧಚಿತ್ರಗಳದ್ದು, ಅಂದರೆ ಫೀಲ್ಡ್‌ಗಳದ್ದು, ಚಲನೆ ನುಣುಪು, ನೇರ ಪ್ರಸಾರ ನೋಡಿದಂತೆ. ಫಿಲ್ಮಿನಲ್ಲಿ 25 ಫ್ರೇಮ್, ಜೊತೆಗೆ ಕಣಕಣವಾದ ಮಸುಕು. ಪಾತ್ರ ಬಾಗಿಲು ದಾಟಿದೊಡನೆ ಲೋಕದ ಹದವೇ ಬದಲಾಗುತ್ತದೆ. ಯಾರೂ ಬೇಕೆಂದು ಮಾಡಿದ ತಂತ್ರವಲ್ಲವಾದರೂ ಈ ಬೆಸುಗೆ ಕಾಣಲೇಬೇಕು. ಎರಡು ಕಡೆ ಅದು ಅಳಿಸಿಹೋಗುತ್ತದೆ. ಹೊಸ ಟಿವಿಗಳ ಮೋಷನ್ ಸ್ಮೂದಿಂಗ್ ಫಿಲ್ಮನ್ನೂ ಟೇಪಿನಂತೆ ನುಣುಪು ಮಾಡುತ್ತದೆ. ಅಂತರ್ಜಾಲಕ್ಕೆ ಏರಿಸಿದ ಎಷ್ಟೋ ಪ್ರತಿಗಳಲ್ಲಿ ಟೇಪಿನ 50 ಫೀಲ್ಡ್‌ಗಳು 25 ಫ್ರೇಮಿಗೆ ಇಳಿದು ಒಳಾಂಗಣವೂ ಫಿಲ್ಮಿನಂತಾಗಿರುತ್ತದೆ. ಡಿವಿಡಿ ಇಟ್ಟುಕೊಳ್ಳುವುದು ಒಳ್ಳೆಯದು. ಕಂಪ್ಯೂಟರಿನಲ್ಲಾದರೆ ವಿಡಿಯೊ ತೋರಿಸುವ ತಂತ್ರಾಂಶವಾದ ವಿಎಲ್‌ಸಿಯ ಡಿಇಂಟರ್‌ಲೇಸ್ (ಅರ್ಧಚಿತ್ರಗಳನ್ನು ಪೂರ್ಣ ಚಿತ್ರವಾಗಿಸುವ ಸೌಲಭ್ಯ) ಆನ್ ಮಾಡಿ ‘ಯಾಡಿಫ್ (2ಎಕ್ಸ್)’ ಆರಿಸಿ. ಬರೀ ‘ಯಾಡಿಫ್’ ಎಂದರೆ ಅರ್ಧ ಚಲನೆ ಹೋಯಿತು. ಟಿವಿಯಲ್ಲಿ ಸ್ಮೂದಿಂಗ್ ಆಫ್ ಮಾಡಿ, ಚಿತ್ರದ ಅಳತೆ 4:3 ಇರಲಿ. ಅಗಲಕ್ಕೆ ಎಳೆದರೆ ಮುಖಗಳೆಲ್ಲ ಚಪ್ಪಟೆ. ಊರಿನವರಿಗೆ ಡಿಸ್ಕ್ ಕಳಿಸುವುದಿದ್ದರೆ ನೆನಪಿಡಿ: ಎರಡೂ ದೇಶ ಪಾಲ್ ಎಂಬ ಟಿವಿ ಚಿತ್ರ ಪದ್ಧತಿಯವೇ, ಆದರೆ ಡಿವಿಡಿಯ ವಲಯ ಸಂಕೇತದಲ್ಲಿ ಬ್ರಿಟನ್ನಿನದು ರೀಜನ್ 2, ಭಾರತದ್ದು ರೀಜನ್ 5. ಎಲ್ಲ ರೀಜನ್ ಓದುವ ಪ್ಲೇಯರ್ ಬೇಕಾಗುತ್ತದೆ.

ಮುಂದೆ ನೋಡಬೇಕಾದ್ದು ‘ಸಫೈರ್ ಆ್ಯಂಡ್ ಸ್ಟೀಲ್’, 1979ರಿಂದ 1982, 34 ಕಂತು, ಪಿ. ಜೆ. ಹ್ಯಾಮಂಡ್ ಅವರ ಕಲ್ಪನೆ. ಮೊದಲ ಕಥೆಯಲ್ಲಿ ಮಗಳಿಗೆ ಶಿಶುಪ್ರಾಸ ಓದಿಹೇಳುತ್ತಿದ್ದ ತಂದೆತಾಯಿ ಇದ್ದಕ್ಕಿದ್ದಂತೆ ಇಲ್ಲವಾಗುತ್ತಾರೆ, ಮನೆಯ ಗಡಿಯಾರಗಳೆಲ್ಲ ನಿಲ್ಲುತ್ತವೆ. ದುಡ್ಡು ಕಡಿಮೆ, ಒಂದು ಮನೆ, ಮೆಟ್ಟಿಲು, ಬೆಳಕು, ಮಕ್ಕಳ ದನಿ, ಅಷ್ಟರಲ್ಲೇ ಎಲ್ಲವೂ ನಡೆಯುತ್ತದೆ. ಸಫೈರ್, ಸ್ಟೀಲ್ ಯಾರೆಂಬುದನ್ನು ಕೊನೆಯವರೆಗೂ ಬಿಡಿಸಿ ಹೇಳುವುದಿಲ್ಲ. ನಿಧಾನವೆಂದು ನಿಮಗನಿಸಿದರೆ ಕಂತಿಗೊಂದು ಸಂಜೆಯಂತೆ ನೋಡಿ. ‘ಎಸ್ಕೇಪ್ ಇನ್‌ಟು ನೈಟ್’ (1972) ಕೂಡ ಬಿಡಬೇಡಿ: ಹುಡುಗಿ ಪೆನ್ಸಿಲಿನಿಂದ ಚಿತ್ರ ಬಿಡಿಸಿದ್ದೆಲ್ಲ ಕನಸಿನಲ್ಲಿ ಎದುರಾಗುತ್ತದೆ, ಸಿಟ್ಟಿನಲ್ಲಿ ಬರೆದ ಕಣ್ಣುಳ್ಳ ಕಲ್ಲುಗಳೂ. ಬಣ್ಣದಲ್ಲಿ ತೆಗೆದದ್ದು, ಈಗ ಉಳಿದಿರುವುದು ಕಪ್ಪುಬಿಳುಪು ಪ್ರತಿ ಮಾತ್ರ.

ಮಗಳ ವಿಚಾರದಲ್ಲಿ ನಮ್ಮ ಮಾತು ಸ್ಪಷ್ಟ. ಕಲ್ಲಿನ ಕಥೆಯನ್ನು ಹತ್ತರ ಮಗುವಿಗೆ ಧಾರಾಳವಾಗಿ ತೋರಿಸಬಹುದು, ವಾರಕ್ಕೊಂದರಂತೆ, ನೀವೂ ಪಕ್ಕದಲ್ಲಿ ಕೂತು. ಆ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಟಿವಿಯಲ್ಲಿ ತೋರಿಸುತ್ತಿದ್ದ ಎಚ್ಚರಿಕೆ ಚಿತ್ರಗಳು ಬೇರೆಯೇ ಜಾತಿಯವು. 1973ರ ‘ಲೋನ್ಲಿ ವಾಟರ್’ ಒಂದೂವರೆ ನಿಮಿಷದ್ದು. ಮುಸುಕುಧಾರಿಯೊಬ್ಬ ಕೆರೆ ಬದಿ ಆಡುವ ಮಕ್ಕಳಿಗಾಗಿ ಹೊಂಚುತ್ತಾನೆ, ದನಿ ಡೊನಾಲ್ಡ್ ಪ್ಲೆಸೆನ್ಸ್ ಅವರದು. ಕಾರ್ಯಕ್ರಮಗಳ ನಡುವೆ ಹೇಳದೆ ಕೇಳದೆ ಬರುತ್ತಿದ್ದರಿಂದಲೇ ಅದು ಅಷ್ಟು ನಾಟಿತು. ಇದನ್ನು ತೋರಿಸಿ, ಈಜಿನ ಮಾತೂ ಆಡಿ. ‘ಅಪಾಚಿಸ್’ (1977) ಬೇಡ. 27 ನಿಮಿಷದಲ್ಲಿ ಹೊಲಮನೆಯಲ್ಲಿ ಆಡುವ ಮಕ್ಕಳು ಟ್ರ್ಯಾಕ್ಟರು, ಗೊಬ್ಬರದ ಗುಂಡಿ, ವಿಷ ಎಂದು ಒಬ್ಬೊಬ್ಬರಾಗಿ ಸಾಯುತ್ತಾರೆ. ಬಿಬಿಸಿಯಲ್ಲಿ 1992ರ ಅಕ್ಟೋಬರ್ 31ರಂದು ಬಂದ ‘ಗೋಸ್ಟ್‌ವಾಚ್’ ಅಂತೂ ಬೇಡವೇ ಬೇಡ. ನಾಟಕವನ್ನು ನೇರ ಪ್ರಸಾರವೆಂಬಂತೆ ಕಟ್ಟಿದ್ದರು. ಮಕ್ಕಳು ನಂಬಿದ್ದ ನಿರೂಪಕಿ ಸಾರಾ ಗ್ರೀನ್ ಅವರೇ ದೆವ್ವದ ಮನೆಯೊಳಗಿದ್ದರು. ಅದನ್ನು ನೋಡಿ ಆಘಾತದ ಲಕ್ಷಣಗಳಿಗೆ ತುತ್ತಾದ ಹತ್ತು ವರ್ಷದ ಇಬ್ಬರು ಹುಡುಗರ ವರದಿ 1994ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ನಿಮ್ಮ ಮಗಳ ವಯಸ್ಸೂ ಅದೇ.

– ಸಂಪಾದಕ