ಕೇಪಳ (ಇಕ್ಸೋರಾ) ಮೈತುಂಬ ಹೂ ಬಿಡುತ್ತದೆ, ಹಣ್ಣು ಮಾತ್ರ ಇಲ್ಲ. ಹಣ್ಣು ತಿನ್ನಲು ಪಿಕಳಾರಗಳು (ಬುಲ್‌ಬುಲ್ ಹಕ್ಕಿಗಳು) ಬರಲು ಏನು ಮಾಡಲಿ?

ಬೆಂಗಳೂರಿನಲ್ಲಿ ಕಾಂಪೌಂಡ್ ಗೋಡೆಗೆ ಒತ್ತಿಕೊಂಡ ಬೇಲಿ, ತಿಂಗಳಿಗೊಮ್ಮೆ ಕತ್ತರಿ, ಬೋರ್‌ವೆಲ್ ನೀರು, ಹಳದಿ ಎಲೆ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ.

ಮೊದಲು ಕತ್ತರಿ ಕೆಳಗಿಡಿ. ಕೇಪಳದ ಗೊಂಚಲು ಬರುವುದು ಟೊಂಗೆಯ ತುದಿಯಲ್ಲಿ. ಹೂವುದುರಿ ಬೋಳಾಗಿ ಕಾಣುವ ಆ ತೊಟ್ಟುಗಳಲ್ಲೇ ಬಟಾಣಿ ಗಾತ್ರದ ಕಾಯಿ ಬಲಿಯುತ್ತದೆ. ಹಸಿರಿನಿಂದ ಕೆಂಪಾಗಿ, ಕೊನೆಗೆ ಕಪ್ಪಿಗೆ ತಿರುಗುತ್ತದೆ. ಬೇಲಿ ಚೊಕ್ಕವಾಗಲಿ ಎಂದು ಸವರಿದರೆ ಹೋಗುವುದು ಇದೇ. ವರ್ಷಕ್ಕೊಮ್ಮೆ, ಹಣ್ಣು ಮುಗಿದ ಮೇಲೆ, ಮೂರನೇ ಒಂದು ಪಾಲು ಸವರಿದರೆ ಸಾಕು. ಅದಕ್ಕೂ ಮೊದಲು ಒಳಗೆ ಗೂಡಿದೆಯೇ ನೋಡಿ.

ತಳಿಯೂ ಮುಖ್ಯ. ನರ್ಸರಿಯ ಕುಳ್ಳ ತಳಿಗಳು ಹಣ್ಣಿಗೆ ಬಲು ಜಿಪುಣ. ಕರಾವಳಿ, ಮಲೆನಾಡಿನ ಗುಡ್ಡಗಳಲ್ಲಿ ಬೆಳೆಯುವ ಕೆಂಪು ಕೇಪಳವನ್ನೇ ಹುಡುಕಿ. ಒಂದೇ ತಾಯಿಗಿಡದ ಕಡ್ಡಿಗಳ ಬದಲು ಬೀಜದಿಂದೆದ್ದ ಎರಡು-ಮೂರು ಸಸಿಗಳನ್ನು 4 ಅಡಿ ಅಂತರದಲ್ಲಿ ನೆಡಿ. ಪರಾಗ ಅದಲುಬದಲಾದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ದಿನಕ್ಕೆ 5 ಗಂಟೆ ಬಿಸಿಲು ಬೇಕು.

ಎಲೆಯ ನರಗಳು ಹಸಿರಾಗಿದ್ದು ಅವುಗಳ ನಡುವಿನ ಭಾಗ ಹಳದಿಯಾದರೆ ಅದು ಕಬ್ಬಿಣದ ಕೊರತೆ. ಕೇಪಳಕ್ಕೆ ಹುಳಿ ಮಣ್ಣು ಬೇಕು, ಪಿಎಚ್ 5ರಿಂದ 6ರ ಆಸುಪಾಸು. ಗೋಡೆಯ ಸಿಮೆಂಟಿನ ಸುಣ್ಣ, ಗಡಸು ನೀರು ಎರಡೂ ಮಣ್ಣನ್ನು ಕ್ಷಾರವಾಗಿಸುತ್ತವೆ. ಆಗ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಗೋಡೆಯಿಂದ 2 ಅಡಿ ಆಚೆ ನೆಡಿ, ಸಾಧ್ಯವಾದಷ್ಟು ಮಳೆನೀರು ಹಾಕಿ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. 15 ದಿನ ಬಿಟ್ಟು ಇನ್ನೊಮ್ಮೆ. ಬೂದಿ ಮಾತ್ರ ಬುಡಕ್ಕೆ ಸುರಿಯಬೇಡಿ, ಅದೂ ಕ್ಷಾರವೇ.

ಹೂವಿನ ಕೊಳವೆ ಉದ್ದ, ಸೂಜಿಯಷ್ಟು ಸಪೂರ. ಅದರ ತಳದ ಮಕರಂದಕ್ಕೆ ಸೊಂಡಿಲು ಚಾಚಿ ಪರಾಗ ಸಾಗಿಸುವುದು ಹೆಚ್ಚಾಗಿ ಚಿಟ್ಟೆಗಳು. ಹಿಟ್ಟು ತಿಗಣೆಗೆ ಹೆದರಿ ಕೀಟನಾಶಕ ಹೊಡೆದರೆ ಚಿಟ್ಟೆಯೂ ಇಲ್ಲ, ಕಾಯಿಯೂ ಇಲ್ಲ. ತಿಗಣೆ ಕಂಡ ಟೊಂಗೆಗಷ್ಟೇ ನೀರಿನ ರಭಸ ಹಿಡಿಯಿರಿ. ಬಗ್ಗದಿದ್ದರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪು.

ಜೊತೆಗೆ ಡುರಾಂಟ ಎಂಬ ಬೇಲಿಗಿಡ ಹಾಕಬಹುದೇ ಎಂದಿರಿ. ಅದರ ಕಿತ್ತಳೆ ಬಣ್ಣದ ಹಣ್ಣು ಹಕ್ಕಿಗಳಿಗೆ ಸರಿ, ಮನುಷ್ಯರಿಗೆ ವಿಷ. ಪುಟ್ಟ ಮಕ್ಕಳಿರುವ ಮನೆಗೆ ನಾನು ಬೇಡ ಎನ್ನುತ್ತೇನೆ. ಲಂಟಾನವನ್ನಂತೂ ಯಾರೂ ನೆಡಲೇಬಾರದು. ಪಿಕಳಾರಗಳು ಅದನ್ನೂ ಇಷ್ಟಪಟ್ಟು ತಿನ್ನುತ್ತವೆ, ತಿಂದು ಬೀಜವನ್ನು ಎಲ್ಲೆಡೆ ಬಿತ್ತುತ್ತವೆ. ಬಂಡೀಪುರದ ಕಾಡಿನಲ್ಲಿ ಹುಲ್ಲು ಬೆಳೆಯಬೇಕಾದ ಜಾಗವನ್ನು ಅದು ಆವರಿಸಿಕೊಂಡಿದೆ.